ಊರಿನ ಸಿಸಿ ಕ್ಯಾಮೆರಾ ಯಾಕೆ ಸುತ್ತುತ್ತಾ ಕೂರುತ್ತೆ?

ಕೆಲಸ ಬೆಂಗಳೂರಲ್ಲಿ, ಅಪ್ಪ-ಅಮ್ಮ ಊರಲ್ಲಿ, ನಡುವೆ ಫೋನಿನಲ್ಲೊಂದು ಸಿಸಿ ಕ್ಯಾಮೆರಾ ಆ್ಯಪ್. ಇದನ್ನು ಓದುತ್ತಿರುವ ಬಹಳ ಜನರ ಮನೆಯ ಕಥೆ ಇದೇ ಇರಬೇಕು. ಊಟದ ಬಿಡುವಿನಲ್ಲಿ ಆ್ಯಪ್ ತೆಗೀತೀರಿ. ಬಿಳಿ ಚಕ್ರ ಸುತ್ತುತ್ತೆ, ಸುತ್ತುತ್ತೆ, ಸುತ್ತುತ್ತಲೇ ಇರುತ್ತೆ. ಅಂತೂ ಚಿತ್ರ ಬಂತು ಅನ್ನುವಷ್ಟರಲ್ಲಿ ಅಮ್ಮ ಅಂಗಳದ ಮಧ್ಯೆ ಪೊರಕೆ ಹಿಡಿದು ಹಾಗೇ ನಿಂತುಬಿಡ್ತಾರೆ. ಫೋನ್ ಮಾಡಿದರೆ ಅವರು ಆಗಲೇ ಒಳಗೆ ಹೋಗಿ ಸಾರಿಗೆ ಒಗ್ಗರಣೆ ಹಾಕ್ತಿರ್ತಾರೆ.

ಆಗ ನಾವು ಮಾಡೋದು ಎರಡೇ ಕೆಲಸ. ಕ್ಯಾಮೆರಾವನ್ನು ಬೈಯೋದು, ಇಲ್ಲ ಅಂದ್ರೆ ಹೊಸದೊಂದನ್ನು ಆನ್‌ಲೈನಲ್ಲಿ ಹುಡುಕೋದು. ಎರಡಕ್ಕೂ ಮೊದಲು ಮಾಡಬೇಕಾದ, ಒಂದು ರೂಪಾಯಿ ಖರ್ಚಿಲ್ಲದ ಪರೀಕ್ಷೆಯೊಂದಿದೆ. ಈ ಸಲದ ಅಂಕಣ ಅದರ ಬಗ್ಗೆ. ತಡ ಎಲ್ಲಿ ಆಗ್ತಿದೆ ಅಂತ ಮೊದಲು ಗೊತ್ತು ಮಾಡ್ಕೊಳ್ಳಿ. ದುಡ್ಡು ಬಿಚ್ಚೋದು ಆಮೇಲೆ.

ಅಟ್ಟದ ಮೇಲೆ ವರ್ಷದ ದುಡಿಮೆ

ಉದಾಹರಣೆಗೆ ನನಗೆ ಚೆನ್ನಾಗಿ ಗೊತ್ತಿರುವ ಊರನ್ನೇ ತಗೊಳ್ತೀನಿ, ತಿಪಟೂರು ತಾಲ್ಲೂಕಿನ ಅರಳಗುಪ್ಪೆ. ನಮ್ಮ ದೊಡ್ಡಪ್ಪನ ತೋಟದ ಮನೆ ಇರೋದು ಅಲ್ಲೇ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ, ಉಳಿದವರಿಗೆ ಹೇಳ್ತೀನಿ. ಇಲ್ಲಿನ ಉಂಡೆ ಕೊಬ್ಬರಿ ಆಗೋದಕ್ಕೆ ಕಾಯಿಯನ್ನು ಎಂಟು-ಹತ್ತು ತಿಂಗಳು, ಕೆಲವೊಮ್ಮೆ ವರ್ಷದ ತನಕ ಅಟ್ಟದ ಮೇಲೆ ಬಿಡ್ತಾರೆ. ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಗಿಟುಕು ಗಡಗಡ ಅಂದಾಗಲೇ ಸುಲಿಯೋದು. ಅಂದ್ರೆ ಒಂದು ಕುಟುಂಬದ ಪೂರಾ ವರ್ಷದ ಆದಾಯ ಬ್ಯಾಂಕಿನಲ್ಲಿ ಇರಲ್ಲ, ಅಟ್ಟದ ಮೇಲೆ ಇರುತ್ತೆ. 2025ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಕೊಟ್ಟ ಬೆಂಬಲ ಬೆಲೆ ಕ್ವಿಂಟಾಲ್‌ಗೆ 12,100 ರೂಪಾಯಿ. ಅದೇ ವರ್ಷ ತಿಪಟೂರು ಮಾರುಕಟ್ಟೆಯ ಧಾರಣೆ ಅದರ ಎರಡು ಪಟ್ಟನ್ನೂ ದಾಟಿತು. ಧಾರಣೆ ಏರಿದರೆ ರೈತನಿಗೆ ಖುಷಿ, ಜೊತೆಗೆ ನಿದ್ದೆಗೇಡು. ತೋಟದ ಮನೆಗಳಿಗೆ ಕ್ಯಾಮೆರಾ ಬಂದಿರೋದು ಶೋಕಿಗಲ್ಲ.

ದೊಡ್ಡಪ್ಪನ ಮನೆಯಲ್ಲಿ ಮೂರು ಕ್ಯಾಮೆರಾ. ಗೇಟಿಗೆ ಒಂದು, ಅಂಗಳಕ್ಕೆ ಒಂದು, ಕೊಬ್ಬರಿ ಅಟ್ಟದ ಬಾಗಿಲಿಗೆ ಒಂದು. ಮೂರೂ ವೈಫೈ ಕ್ಯಾಮೆರಾ. ಫೈಬರ್ ಊರೊಳಗೆ ಬಂದಿದೆ, ತೋಟದ ತನಕ ಬಂದಿಲ್ಲ. ಅದಕ್ಕೆ ಸಿಮ್ ಹಾಕುವ 4ಜಿ ರೂಟರ್. ಲೈವ್ ತೆಗೆದರೆ ತಡ ಅಂದ್ರೆ ಅಂತಿಂಥ ತಡ ಅಲ್ಲ. ದೊಡ್ಡಪ್ಪನ ಮಾತಲ್ಲೇ ಹೇಳೋದಾದ್ರೆ, "ಲೋ ಮಗ, ನಾನು ಗೇಟ್ ತೆಗ್ದು, ತ್ವಾಟಕ್ಕೋಗಿ, ನೀರ್ ತಿರುಗ್ಸಿ ಬಂದೆ. ನಿನ್ ಫೋನಾಗೆ ಇನ್ನೂ ಗೇಟ್ ತಾವ್ಲೇ ನಿಂತಿವ್ನಲ್ಲೋ!"

ಕ್ಯಾಮೆರಾ ಹಾಕಿಕೊಟ್ಟವರನ್ನು ಕೇಳಿದ್ದಕ್ಕೆ, "ಇವು 2 ಮೆಗಾಪಿಕ್ಸೆಲ್ ಸಾರ್, ಹಳೇವು. 4 ಮೆಗಾಪಿಕ್ಸೆಲ್ ಹಾಕ್ಸಿಬಿಡಿ, ಸರಿಹೋಗುತ್ತೆ" ಅಂದಿದ್ದರು. ಈ ಸಲಹೆ ಯಾಕೆ ಉಲ್ಟಾ ಅಂತ ಮುಂದೆ ನಿಮಗೇ ಗೊತ್ತಾಗುತ್ತೆ.

ತಡ ಬೇರೆ, ತಡವರಿಕೆ ಬೇರೆ

"ಕ್ಯಾಮೆರಾ ಸ್ಲೋ" ಅನ್ನೋ ಒಂದೇ ಮಾತಿನಲ್ಲಿ ನಾವು ಮೂರು ಬೇರೆ ಬೇರೆ ಕಾಯಿಲೆಗಳನ್ನು ಹೇಳ್ತಿರ್ತೀವಿ.

ಒಂದು, ತಡ. ಚಿತ್ರ ನೀಟಾಗಿ ಓಡ್ತಿದೆ, ಆದರೆ ಹತ್ತು ಸೆಕೆಂಡ್ ಹಿಂದಿನದು.

ಎರಡು, ತಡವರಿಕೆ. ಚಿತ್ರ ತುಂಡು ತುಂಡಾಗಿ ಬರುತ್ತೆ. ನಡೆಯುವವರು ಹಾರಿ ಹಾರಿ ಹೋದ ಹಾಗೆ ಕಾಣ್ತಾರೆ, ಅಲ್ಲಲ್ಲಿ ಬಣ್ಣದ ಚೌಕಗಳು.

ಮೂರು, ನಿಂತ ಚಿತ್ರ. ಎಲ್ಲಕ್ಕಿಂತ ಅಪಾಯದ್ದು ಇದೇ. ಖಾಲಿ ಅಂಗಳ, ಮುಚ್ಚಿದ ಬಾಗಿಲು, ಎಲ್ಲ ಶಾಂತ. ನೋಡಿ ಸಮಾಧಾನ ಆಗಿ ಫೋನ್ ಜೇಬಿಗಿಡ್ತೀರಿ. ಆದರೆ ಅದು ಎರಡು ನಿಮಿಷ ಹಿಂದೆ ನಿಂತುಹೋದ ಚಿತ್ರ. ಅದಕ್ಕೇ ಕ್ಯಾಮೆರಾ ಸೆಟ್ಟಿಂಗ್ಸ್‌ಗೆ ಹೋಗಿ, ಚಿತ್ರದ ಮೂಲೆಯಲ್ಲಿ ಗಂಟೆ-ನಿಮಿಷ-ಸೆಕೆಂಡ್ ಕಾಣುವ ಆಯ್ಕೆಯನ್ನು ಆನ್ ಮಾಡಿ. ಇವತ್ತೇ ಮಾಡಿ. ಇನ್ನು ಮೇಲೆ ಲೈವ್ ತೆಗೆದಾಗ ಮೊದಲು ನೋಡಬೇಕಾದ್ದು ಅಂಗಳವನ್ನಲ್ಲ, ಆ ಗಡಿಯಾರವನ್ನು. ಸೆಕೆಂಡ್ ಓಡ್ತಿದ್ದರೆ ಮಾತ್ರ ಚಿತ್ರವನ್ನು ನಂಬಿ.

ದೂರದ ತಪ್ಪಲ್ಲ, ಸಾಲಿನ ತಪ್ಪು

"ಅಷ್ಟು ದೂರದಿಂದ ಬರಬೇಕಲ್ಲ, ಸ್ವಲ್ಪ ತಡ ಆಗುತ್ತೆ" ಅಂತ ಸುಮಾರು ಜನ ಸಮಾಧಾನ ಮಾಡ್ಕೊಳ್ತಾರೆ. ಲೆಕ್ಕ ಹಾಕಿ ನೋಡಿ. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತೆ. ತಿಪಟೂರಿಂದ ಬೆಂಗಳೂರು 140 ಕಿಲೋಮೀಟರ್ ಅಂತಿಟ್ಟುಕೊಂಡರೆ ಒಂದು ಮಿಲಿಸೆಕೆಂಡ್ ಕೂಡ ಬೇಡ. ಸರ್ವರ್ ಮುಂಬೈಯಲ್ಲಿದ್ದರೂ, ಸಮುದ್ರ ದಾಟಿ ಹೋಗಿಬಂದರೂ, ಸೆಕೆಂಡಿನ ಸಣ್ಣದೊಂದು ಭಾಗ ಅಷ್ಟೇ.

ಹಾಗಾದ್ರೆ ಇಪ್ಪತ್ತು ಸೆಕೆಂಡ್ ಎಲ್ಲಿ ಹೋಯ್ತು? ಸಾಲಿನಲ್ಲಿ ನಿಂತಿತ್ತು. ಹರಾಜಿನ ದಿನ ಕೊಬ್ಬರಿ ತುಂಬಿದ ಗಾಡಿಗಳು ಎಪಿಎಂಸಿ ಗೇಟಿನ ಮುಂದೆ ನಿಂತಿರೋದನ್ನು ನೆನಪಿಸಿಕೊಳ್ಳಿ. ರಸ್ತೆ ಅಗಲವಾಗೇ ಇದೆ, ಗಾಡಿಗಳೂ ಚೆನ್ನಾಗಿವೆ. ಗೇಟು ಮಾತ್ರ ಕಿರಿದು. ಒಳಗೆ ಹೋಗೋದಕ್ಕಿಂತ ಬರೋದು ಜಾಸ್ತಿಯಾದಾಗ ಸಾಲು ಬೆಳೀತಾ ಹೋಗುತ್ತೆ. ವಿಡಿಯೋದಲ್ಲೂ ಅಷ್ಟೇ. ಕ್ಯಾಮೆರಾ ಸೆಕೆಂಡಿಗೆ ಕಳಿಸುವಷ್ಟನ್ನು ದಾರಿಯ ಯಾವುದೋ ಒಂದು ಗೇಟು ಬಿಡ್ತಿಲ್ಲ. 4 ಮೆಗಾಪಿಕ್ಸೆಲ್ ಕ್ಯಾಮೆರಾ ಹಾಕಿಸೋದು ಅಂದ್ರೆ ಅದೇ ಕಿರಿದಾದ ಗೇಟಿಗೆ ಇನ್ನೂ ದೊಡ್ಡ ಲಾರಿ ನುಗ್ಗಿಸಿದ ಹಾಗೆ.

ಸ್ಟಾಪ್‌ವಾಚ್ ಪರೀಕ್ಷೆ

ಕ್ಯಾಮೆರಾದಿಂದ ನಿಮ್ಮ ಕಣ್ಣಿಗೆ ಬರುವಷ್ಟರಲ್ಲಿ ಚಿತ್ರ ಮೂರು ಹಾದಿ ದಾಟುತ್ತೆ: ಕ್ಯಾಮೆರಾದಿಂದ ಮನೆಯ ರೂಟರ್, ರೂಟರ್‌ನಿಂದ ಇಂಟರ್ನೆಟ್, ಇಂಟರ್ನೆಟ್‌ನಿಂದ ನಿಮ್ಮ ಫೋನು. ಗೇಟು ಇವುಗಳಲ್ಲಿ ಎಲ್ಲಿದೆ ಅಂತ ಹುಡುಕೋದಕ್ಕೆ ಎರಡು ಫೋನು ಸಾಕು.

ಊರಿಗೆ ಹೋದಾಗ ಒಂದು ಫೋನಿನಲ್ಲಿ ಸ್ಟಾಪ್‌ವಾಚ್ ಓಡಿಸಿ ಕ್ಯಾಮೆರಾದ ಮುಂದೆ ಹಿಡಿಸಿ. ಇನ್ನೊಂದರಲ್ಲಿ ಲೈವ್ ತೆಗೆದು ಪಕ್ಕದಲ್ಲೇ ನಿಂತು ನೋಡಿ. ನಿಜವಾದ ಸ್ಟಾಪ್‌ವಾಚ್‌ಗೂ ಲೈವ್‌ನಲ್ಲಿ ಕಾಣುವುದಕ್ಕೂ ಎಷ್ಟು ವ್ಯತ್ಯಾಸವೋ ಅಷ್ಟು ನಿಮ್ಮ ತಡ. ಇದನ್ನು ಮೂರು ಸಲ ಮಾಡಿ.

1. ನೋಡುವ ಫೋನು ಮನೆಯ ವೈಫೈಯಲ್ಲೇ ಇರಲಿ.
2. ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ನೋಡಿ.
3. ಎರಡನೆಯದನ್ನೇ ಸಂಜೆ ಏಳೂವರೆ-ಎಂಟರ ಹೊತ್ತಿಗೆ ಇನ್ನೊಮ್ಮೆ ಮಾಡಿ.

ಒಂದರಿಂದ ಮೂರು ಸೆಕೆಂಡ್ ತಡ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಆ್ಯಪ್ ಮೂಲಕ ನೋಡುವ ಕ್ಯಾಮೆರಾಗಳಲ್ಲಿ ಅದು ಮಾಮೂಲು. ಮನೆಯ ವೈಫೈಯಲ್ಲೇ ಚಿತ್ರ ತಡವಾದರೆ ರೋಗ ಇರೋದು ಕ್ಯಾಮೆರಾ ಮತ್ತು ರೂಟರ್ ನಡುವೆ. ಮನೆಯಲ್ಲಿ ಚೆನ್ನಾಗಿದ್ದು ಮೊಬೈಲ್ ಡೇಟಾದಲ್ಲಿ ಕೆಟ್ಟರೆ ಮನೆಯಿಂದ ಹೊರಗೆ ಹೋಗುವ ಹಾದಿಯನ್ನು ನೋಡಿ. ಸಂಜೆ ಮಾತ್ರ ಕೆಟ್ಟರೆ ಟವರ್‌ನಲ್ಲಿ ಜನಸಂದಣಿ, ಇಲ್ಲವೇ ಸಿಮ್ಮಿನ ಡೇಟಾ ಖಾಲಿ. ಒಂದು ಮಾತು ನೆನಪಿರಲಿ: ಕೆಲವು ಕ್ಯಾಮೆರಾಗಳು ಒಂದೇ ವೈಫೈಯಲ್ಲಿದ್ದರೂ ಕಂಪನಿಯ ಸರ್ವರ್ ಸುತ್ತಿಕೊಂಡೇ ಬರುತ್ತವೆ. ಕ್ಯಾಮೆರಾದಲ್ಲಿ ಆರ್‌ಟಿಎಸ್‌ಪಿ ಅನ್ನೋ ಆಯ್ಕೆ ಇದ್ದರೆ ಆ ವಿಳಾಸವನ್ನು ವಿಎಲ್‌ಸಿ ಪ್ಲೇಯರ್‌ನಲ್ಲಿ ಹಾಕಿ ನೋಡಿ. ಅದು ಮನೆಯೊಳಗಿನ ಹಾದಿಯನ್ನಷ್ಟೇ ತೋರಿಸುತ್ತೆ.

ದೊಡ್ಡಪ್ಪನ ಮನೆಯಲ್ಲಿ ಗೇಟು, ಅಂಗಳದ ಕ್ಯಾಮೆರಾ ಎರಡೂ ವೈಫೈಯಲ್ಲಿ ಎರಡು ಸೆಕೆಂಡ್ ಒಳಗೇ ಬಂದವು. ಅಟ್ಟದ್ದು ಮಾತ್ರ ಹದಿನೈದು ಸೆಕೆಂಡ್ ದಾಟಿತು. ಮೊಬೈಲ್ ಡೇಟಾದಲ್ಲಿ, ಅದರಲ್ಲೂ ಸಂಜೆ, ಮೂರಕ್ಕೆ ಮೂರೂ ಕುಂಟಿದವು. ಅಂದ್ರೆ ಎರಡು ಬೇರೆ ಬೇರೆ ಗೇಟು, ಎರಡು ಬೇರೆ ಬೇರೆ ಮದ್ದು.

ಮೊದಲ ಹಾದಿ: ಗೋಡೆ, ತಗಡು, ತೆಂಗು

ಹಳೇ ಮನೆಯ ದಪ್ಪ ಮಣ್ಣುಗೋಡೆ, ಕಲ್ಲುಗೋಡೆ ವೈಫೈಯನ್ನು ಚೆನ್ನಾಗಿ ನುಂಗ್ತವೆ. ತಗಡಿನ ಶೀಟು ನುಂಗೋದಿಲ್ಲ, ವಾಪಸ್ ಕಳಿಸುತ್ತೆ, ಫಲಿತಾಂಶ ಒಂದೇ. ಕ್ಯಾಮೆರಾ ಇರುವ ಜಾಗದಲ್ಲೇ ನಿಂತು ಯಾವುದಾದರೂ ವೈಫೈ ಅಳೆಯುವ ಆ್ಯಪ್‌ನಲ್ಲಿ ಸಿಗ್ನಲ್ ನೋಡಿ. ಅದು ಮೈನಸ್ ಸಂಖ್ಯೆಯಲ್ಲಿರುತ್ತೆ. ಮೈನಸ್ 65ರ ಆಸುಪಾಸು ಇದ್ದರೆ ಸರಿ. ಮೈನಸ್ 75 ದಾಟಿದರೆ ವಿಡಿಯೋ ತಡವರಿಸುತ್ತೆ.

ರೂಟರ್‌ನಲ್ಲಿ 2.4 ಮತ್ತು 5 ಗಿಗಾಹರ್ಟ್ಸ್ ಎರಡೂ ಇದ್ದರೆ, ದೂರದ ಕ್ಯಾಮೆರಾಗೆ 2.4 ಕೊಡಿ. ವೇಗ ಕಡಿಮೆಯಾದರೂ ಗೋಡೆ ದಾಟೋದರಲ್ಲಿ ಅದೇ ಗಟ್ಟಿ. ಚಾನೆಲ್ ಆರಿಸುವಾಗ 1, 6, 11 ಈ ಮೂರರಲ್ಲಿ ಅಕ್ಕಪಕ್ಕದ ಮನೆಯವರು ಬಳಸದೇ ಇರೋದನ್ನು ಹಾಕಿ.

ಆದರೆ ಸ್ಥಿರವಾಗಿ ಒಂದೇ ಕಡೆ ಇರುವ ಕ್ಯಾಮೆರಾಗೆ ವೈರ್‌ನಷ್ಟು ಒಳ್ಳೇದು ಯಾವುದೂ ಇಲ್ಲ. ನೆಟ್‌ವರ್ಕ್ ಕೇಬಲ್ 100 ಮೀಟರ್ ತನಕ ನಿಶ್ಚಿಂತೆಯಾಗಿ ಎಳೆಯಬಹುದು. ಪಿಒಇ ಇರುವ ಕ್ಯಾಮೆರಾ ಆದರೆ ಅದೇ ಕೇಬಲ್‌ನಲ್ಲೇ ಕರೆಂಟೂ ಹೋಗುತ್ತೆ, ಅಟ್ಟದ ಹತ್ತಿರ ಪ್ಲಗ್ ಪಾಯಿಂಟ್ ಹುಡುಕೋ ಕೆಲಸ ಇಲ್ಲ. ದೊಡ್ಡಪ್ಪನ ಮನೆಯ ಅಟ್ಟದ ಕ್ಯಾಮೆರಾದ ಹಿಂದೆ ಕೇಬಲ್ ತೂತು ಮೊದಲಿಂದಲೂ ಇತ್ತು, ಯಾರೂ ಬಳಸಿರಲಿಲ್ಲ. ಜಂತಿಯ ಮೇಲೆ ಮೂವತ್ತು ಮೀಟರ್ ಕೇಬಲ್ ಎಳೆದೆವು. ಹದಿನೈದು ಸೆಕೆಂಡ್ ಇದ್ದದ್ದು ಎರಡಕ್ಕೆ ಇಳೀತು.

ಕೊಬ್ಬರಿ ಶೆಡ್ಡು ಮನೆಯಿಂದ ಬೇರೆಯಾಗಿ ತೋಟದೊಳಗೆ ಇದ್ದರೆ? ಬಯಲಲ್ಲಿ ಉದ್ದಕ್ಕೆ ತಾಮ್ರದ ಕೇಬಲ್ ಎಳೆಯಬೇಡಿ. ತೆಂಗಿನ ತೋಟ ಅಂದ್ರೆ ಸಿಡಿಲಿಗೆ ಆಹ್ವಾನ. ಪಕ್ಕದ ಮರಕ್ಕೆ ಹೊಡೆದರೂ ಆ ಕೇಬಲ್ ಹಿಡಿದುಕೊಂಡು ಬಂದು ರೂಟರ್‌ನಿಂದ ಟಿವಿ ತನಕ ಸುಟ್ಟುಬಿಡಬಹುದು. ಒಳಗೆ ಲೋಹದ ತಂತಿ ಇಲ್ಲದ ಫೈಬರ್ ಕೇಬಲ್ ಎಳೆದು ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ ಹಾಕೋದು ಒಂದು ದಾರಿ. ಇನ್ನೊಂದು, ಎದುರು ಬದುರು ಕೂರಿಸುವ 5 ಗಿಗಾಹರ್ಟ್ಸ್ ವೈರ್‌ಲೆಸ್ ಬ್ರಿಡ್ಜ್ ಜೋಡಿ. ಅದಕ್ಕೆ ಎರಡು ತುದಿಗೂ ನೇರ ನೋಟ ಬೇಕು. ಇಲ್ಲಿ ತೆಂಗಿನ ತೋಟವೇ ಸಹಾಯಕ್ಕೆ ಬರುತ್ತೆ. ಮೂವತ್ತು ಅಡಿ ಅಂತರದಲ್ಲಿ ಸಾಲು ಹಿಡಿದು ನೆಟ್ಟ ತೋಟದಲ್ಲಿ ಎರಡು ಸಾಲಿನ ನಡುವೆ ನಿಂತರೆ ಆ ತುದಿಯವರೆಗೂ ಕಾಣುತ್ತೆ. ಬ್ರಿಡ್ಜ್ ಆ ಓಣಿಯಲ್ಲಿ ನೋಡುವ ಹಾಗೆ, ಗರಿಗಳಿಂದ ಕೆಳಗೆ ಇರಲಿ. ನಡುವೆ ಬಾಳೆ, ಅಡಿಕೆ, ಎಳೇ ಸಸಿ ಹಾಕಿದ್ದರೆ ಬೇರೆ ಓಣಿ ನೋಡಿ. ಎಲೆಯೊಳಗಿನ ನೀರು ಈ ಸಿಗ್ನಲ್ಲಿಗೆ ಶತ್ರು.

ಕ್ಯಾಮೆರಾ ಒಳಗೆ ಬದಲಾಯಿಸಬೇಕಾದ್ದು

ಕ್ಯಾಮೆರಾ ಕಳಿಸುವ ಮೂಟೆಯ ಗಾತ್ರಕ್ಕೆ ಬಿಟ್‌ರೇಟ್ ಅಂತ ಹೆಸರು. 2 ಮೆಗಾಪಿಕ್ಸೆಲ್ ಚಿತ್ರಕ್ಕೆ ಎಚ್.264 ವಿಧಾನದಲ್ಲಿ ಸುಮಾರು 2 ಎಂಬಿಪಿಎಸ್ ಬೇಕು. ಎಚ್.265 ಇದ್ದರೆ ಅದರ ಅರ್ಧದಷ್ಟರಲ್ಲಿ ಹೆಚ್ಚು ಕಡಿಮೆ ಅದೇ ಗುಣಮಟ್ಟ. ಸೆಟ್ಟಿಂಗ್ಸ್‌ನಲ್ಲಿ ಇವಿಷ್ಟು ನೋಡಿ.

ಮೇನ್ ಸ್ಟ್ರೀಮ್, ಸಬ್ ಸ್ಟ್ರೀಮ್ ಅಂತ ಎರಡಿರುತ್ತೆ. ಮೊದಲನೆಯದು ಮೆಮೊರಿ ಕಾರ್ಡಿಗೆ ರೆಕಾರ್ಡ್ ಆಗೋದು, ಅದು ಚೆನ್ನಾಗಿಯೇ ಇರಲಿ. ಫೋನಿನಲ್ಲಿ ನೋಡೋದಕ್ಕೆ ಸಬ್ ಸ್ಟ್ರೀಮ್ ಸಾಕು, ಆ್ಯಪ್‌ನಲ್ಲಿ ಎಸ್‌ಡಿ ಅಂತಲೋ ಸ್ಮೂತ್ ಅಂತಲೋ ಕಾಣುತ್ತೆ. ಅದಕ್ಕೆ 500 ಕೆಬಿಪಿಎಸ್ ಒಳಗೇ ಆಗುತ್ತೆ. ಅಂಗೈಯಷ್ಟು ಪರದೆಯಲ್ಲಿ ಅಮ್ಮ ಕಾಣಿಸೋದಕ್ಕೆ ಎಚ್‌ಡಿ ಬೇಕಿಲ್ಲ.

ಫ್ರೇಮ್ ರೇಟ್ 25 ಇದ್ದರೆ 12 ಅಥವಾ 15ಕ್ಕೆ ಇಳಿಸಿ. ಅಂಗಳದಲ್ಲಿ ಕ್ರಿಕೆಟ್ ಮ್ಯಾಚ್ ನಡೀತಿಲ್ಲ.

ಐ ಫ್ರೇಮ್ ಇಂಟರ್ವಲ್ ಅನ್ನೋದನ್ನು ಯಾರೂ ಮುಟ್ಟೋದಿಲ್ಲ. ವಿಡಿಯೋದಲ್ಲಿ ಪೂರ್ತಿ ಚಿತ್ರ ಆಗಾಗ ಮಾತ್ರ ಬರುತ್ತೆ, ನಡುವೆ ಬರೋದು "ಹಿಂದಿನದಕ್ಕಿಂತ ಇಷ್ಟು ಬದಲಾಯ್ತು" ಅನ್ನುವ ಲೆಕ್ಕ ಅಷ್ಟೇ. ನೀವು ಲೈವ್ ತೆಗೆದಾಗ ಮುಂದಿನ ಪೂರ್ತಿ ಚಿತ್ರ ಬರೋವರೆಗೆ ಆ ಬಿಳಿ ಚಕ್ರ ಕಾಯ್ತಿರಬಹುದು. ಫ್ರೇಮ್ ರೇಟ್ 15 ಇದ್ದರೆ ಇಂಟರ್ವಲ್ 30 ಇಡಿ. ಎರಡು ಸೆಕೆಂಡಿಗೊಂದು ಪೂರ್ತಿ ಚಿತ್ರ ಸಿಗುತ್ತೆ.

ಇನ್ನೊಂದು ಇದೆ, ತೆಂಗಿನ ನಾಡಿಗೆ ತೀರಾ ಅನ್ವಯಿಸುವಂಥದ್ದು. ಬದಲಾದಷ್ಟನ್ನೇ ಕಳಿಸೋದು ಕ್ಯಾಮೆರಾದ ಉಳಿತಾಯದ ಗುಟ್ಟು ಅಂದೆನಲ್ಲ, ಚಿತ್ರದ ಅರ್ಧ ಭಾಗ ಗಾಳಿಗೆ ತೂಗುವ ಗರಿಗಳೇ ತುಂಬಿದ್ದರೆ ಉಳಿತಾಯ ಎಲ್ಲಿಂದ ಬರಬೇಕು? ಪ್ರತಿ ಗರಿಯ ಪ್ರತಿ ಎಳೆ ಪ್ರತಿ ಕ್ಷಣ ಬದಲಾಗ್ತಿರುತ್ತೆ. ಮೂಟೆ ಉಬ್ಬುತ್ತೆ, ಸಾಲು ಬೆಳೆಯುತ್ತೆ. ಜೊತೆಗೆ "ಚಲನೆ ಕಂಡುಬಂದಿದೆ" ಅಂತ ದಿನಕ್ಕೆ ನೂರು ನೋಟಿಫಿಕೇಶನ್. ಕೊನೆಗೆ ಬೇಸತ್ತು ನೀವು ನೋಟಿಫಿಕೇಶನ್ನೇ ಬಂದ್ ಮಾಡ್ತೀರಿ, ಅಲ್ಲಿಗೆ ಕ್ಯಾಮೆರಾ ಇದ್ದೂ ಇಲ್ಲದ ಹಾಗೆ. ಮದ್ದು ಸುಲಭ. ಏಣಿ ಹಾಕಿ ಕ್ಯಾಮೆರಾದ ಮೂತಿಯನ್ನು ಕೆಳಕ್ಕೆ ಬಗ್ಗಿಸಿ. ಆಕಾಶ, ಗರಿ ಬೇಡ. ನೆಲ, ಬಾಗಿಲು, ಗೇಟು ಸಾಕು. ಚಲನೆ ಗುರುತಿಸುವ ಜಾಗವನ್ನೂ ಬಾಗಿಲಿನ ಸುತ್ತಕ್ಕೆ ಮಾತ್ರ ಗೆರೆ ಹಾಕಿ.

ರಾತ್ರಿಯ ಕಥೆಯೂ ಹೀಗೇ. ಕತ್ತಲಲ್ಲಿ ಚಿತ್ರದ ತುಂಬ ಇರುವೆ ಹರಿದಾಡಿದ ಹಾಗೆ ಕಾಣುವ ಚುಕ್ಕೆಗಳೂ ಕ್ಯಾಮೆರಾ ಲೆಕ್ಕದಲ್ಲಿ "ಬದಲಾವಣೆ"ಯೇ. ಹತ್ತಿರ ಒಂದು ಸಣ್ಣ ಎಲ್‌ಇಡಿ ಬಲ್ಬ್ ಉರಿಯುತ್ತಿದ್ದರೆ ಚಿತ್ರವೂ ಚೆನ್ನ, ಮೂಟೆಯೂ ಸಣ್ಣ. ಗಾಜಿನ ಮೇಲಿನ ಜೇಡರ ಬಲೆಯನ್ನು ತಿಂಗಳಿಗೊಮ್ಮೆ ಒರೆಸಿ.

ಅರಳಗುಪ್ಪೆಯ ಕಲ್ಲೇಶ್ವರ ದೇವಸ್ಥಾನಕ್ಕೆ ಹೋದವರು ತಲೆಯೆತ್ತಿ ಭುವನೇಶ್ವರಿ ನೋಡಿರ್ತೀರಿ. ನೊಳಂಬರ ಕಾಲದ ಕೆತ್ತನೆ, ನಡುವೆ ನಟರಾಜ, ಸುತ್ತ ಎಂಟು ದಿಕ್ಕಿಗೂ ಒಬ್ಬೊಬ್ಬ ದಿಕ್ಪಾಲಕ. ದೇವಸ್ಥಾನಕ್ಕೆ ಅದು ಸರಿ. ಮನೆಗೆ ಎಂಟು ಬೇಡ. ಗೇಟು, ಅಂಗಳ, ಅಟ್ಟ, ಈ ಮೂರು ಸರಿಯಾಗಿ ನೋಡಿದರೆ ಸಾಕು. ಪ್ರತಿ ಹೊಸ ಕ್ಯಾಮೆರಾ ಅದೇ ಗೇಟಿನಲ್ಲಿ ಸಾಲು ನಿಲ್ಲುತ್ತೆ.

ಎರಡನೇ ಹಾದಿ: ಅಪ್‌ಲೋಡ್ ಮತ್ತು ಸಿಮ್ಮಿನ ಕೋಟಾ

ನಾವು ಇಂಟರ್ನೆಟ್ ವೇಗ ಅಂತ ಹೇಳೋದು ಯಾವಾಗಲೂ ಡೌನ್‌ಲೋಡ್. ಕ್ಯಾಮೆರಾಗೆ ಬೇಕಿರೋದು ಅಪ್‌ಲೋಡ್. ಸ್ಪೀಡ್ ಟೆಸ್ಟ್ ಮಾಡಿದಾಗ ಎರಡನೆಯದಾಗಿ ಬರುತ್ತಲ್ಲ, ಆ ಸಂಖ್ಯೆ. ಅದನ್ನು ರೂಟರ್ ಪಕ್ಕ ನಿಂತು, ಸಂಜೆ ಹೊತ್ತು ನೋಡಿ. ನಿಮ್ಮ ಕ್ಯಾಮೆರಾಗಳ ಒಟ್ಟು ಬಿಟ್‌ರೇಟ್‌ಗಿಂತ ಅದು ಎರಡು ಪಟ್ಟಾದರೂ ಇರಲಿ. ದೊಡ್ಡಪ್ಪನ ಮನೆಯಲ್ಲಿ ಸಂಜೆ ಸಿಗ್ತಿದ್ದದ್ದು ಮೂರು ಎಂಬಿಪಿಎಸ್ ಹತ್ತಿರ. ಮೂರು ಕ್ಯಾಮೆರಾ ತಲಾ ಎರಡು ಅಂದ್ರೆ ಬೇಕಿದ್ದದ್ದು ಆರು. ಹೇಗೆ ಸಾಲುತ್ತೆ?

4ಜಿ ರೂಟರ್ ಅಥವಾ ಸಿಮ್ ಕ್ಯಾಮೆರಾ ಇರುವವರು ಈ ಲೆಕ್ಕ ಗಮನಿಸಿ. 1 ಎಂಬಿಪಿಎಸ್ ವಿಡಿಯೋ ದಿನಪೂರ್ತಿ ಹೋದರೆ 10.8 ಜಿಬಿ. ದಿನಕ್ಕೆ 2 ಜಿಬಿ ಪ್ಲಾನ್ ಇದ್ದರೆ ನಾಲ್ಕೂವರೆ ಗಂಟೆಗೇ ಖಾಲಿ. ಆಮೇಲೆ ಬಹುತೇಕ ಪ್ಲಾನ್‌ಗಳಲ್ಲಿ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತೆ, ಅದರಲ್ಲಿ ವಿಡಿಯೋ ಬರಲ್ಲ. ಕ್ಲೌಡ್ ರೆಕಾರ್ಡಿಂಗ್ ಆನ್ ಇದ್ದರೆ ಹಗಲೆಲ್ಲ ಗರಿ ಅಲ್ಲಾಡಿದ್ದನ್ನು ಕಳಿಸಿ ಕಳಿಸಿ ಕೋಟಾ ಮುಗಿದು, ನಿಜವಾಗಿ ಬೇಕಾದ ರಾತ್ರಿ ಹೊತ್ತಿಗೆ ಕ್ಯಾಮೆರಾ ಕುರುಡಾಗಿರುತ್ತೆ. "ರಾತ್ರಿ ಮಾತ್ರ ಕೆಲಸ ಮಾಡಲ್ಲ" ಅನ್ನೋ ದೂರಿನ ಹಿಂದೆ ಇದು ಇರಬಹುದು, ಮೊದಲು ಇದನ್ನೇ ನೋಡಿ.

ಹಾಗಾಗಿ ರೆಕಾರ್ಡಿಂಗ್ ಕ್ಯಾಮೆರಾದೊಳಗಿನ ಕಾರ್ಡಿಗೇ ಆಗಲಿ. 2 ಎಂಬಿಪಿಎಸ್‌ನಲ್ಲಿ ಬಿಡುವಿಲ್ಲದೆ ರೆಕಾರ್ಡ್ ಆದರೆ ದಿನಕ್ಕೆ 21.6 ಜಿಬಿ, 128 ಜಿಬಿ ಕಾರ್ಡಿಗೆ ಐದು ದಿನದ ಮೇಲೆ ಹಿಡಿಯುತ್ತೆ. ಸಿಸಿ ಕ್ಯಾಮೆರಾಗೆಂದೇ ಬರುವ ಹೈ ಎಂಡ್ಯೂರೆನ್ಸ್ ಕಾರ್ಡ್ ತಗೊಳ್ಳಿ, ಮಾಮೂಲು ಕಾರ್ಡು ಹಗಲು ರಾತ್ರಿ ಬರೆದೂ ಬರೆದೂ ಬೇಗ ಸಾಯುತ್ತೆ. ಇಂಟರ್ನೆಟ್‌ನಲ್ಲಿ ಹೋಗಬೇಕಾದ್ದು ನೀವು ನೋಡುವಾಗಿನ ಲೈವ್ ಮತ್ತು ಎಚ್ಚರಿಕೆಯ ಸಣ್ಣ ತುಣುಕು, ಅಷ್ಟೇ.

ಸಿಮ್ ರೂಟರ್‌ನ ಜಾಗವೂ ಮುಖ್ಯ. ಟಿವಿ ಹಿಂದೆ ಇದ್ದ ರೂಟರ್ ಅನ್ನು ಟವರ್ ಕಡೆಯ ಕಿಟಕಿಗೆ, ಸಾಧ್ಯವಾದಷ್ಟು ಎತ್ತರಕ್ಕೆ ಸಾಗಿಸಿ ಮತ್ತೆ ಸ್ಪೀಡ್ ಟೆಸ್ಟ್ ಮಾಡಿ. ಬೇರೆ ಕಂಪನಿಯ ಸಿಮ್ಮನ್ನೂ ಅದೇ ಜಾಗದಲ್ಲಿ ಹಾಕಿ ನೋಡಿ. ಮನೆಗೆ ಫೈಬರ್ ಇದ್ದೂ ತಡವಾದರೆ, ಮರದಿಂದ ಮರಕ್ಕೆ ಕಟ್ಟಿಕೊಂಡು ಬಂದ ವೈರನ್ನು ಒಮ್ಮೆ ಕಣ್ಣಲ್ಲಿ ಹಿಂಬಾಲಿಸಿ. ಒಣಗರಿ ಬಿದ್ದು ಜೋತಾಡ್ತಿದ್ದರೆ, ಜಾಯಿಂಟ್ ತೆರೆದುಕೊಂಡಿದ್ದರೆ ಲೈನ್‌ಮನ್‌ಗೆ ಹೇಳಿ ಸಿಗ್ನಲ್ ಪವರ್ ಅಳೆಸಿ. ಮೈನಸ್ 27ರ ಹತ್ತಿರ ಬಂದಿದ್ದರೆ ಲೈನ್ ಅಂಚಿನಲ್ಲಿದೆ ಅಂತ ಅರ್ಥ.

ಕರೆಂಟಿನ ಕಿತಾಪತಿ

ಹಗಲಲ್ಲಿ ಚೆನ್ನಾಗಿದ್ದು ರಾತ್ರಿ ಪದೇ ಪದೇ ಕಡಿದು ಹೋಗುವ ಕ್ಯಾಮೆರಾ ಇದ್ದರೆ, ಅಡಾಪ್ಟರ್ ಎಲ್ಲಿದೆ ನೋಡಿ. 12 ವೋಲ್ಟ್ ಅನ್ನು ತೆಳು ವೈರಿನಲ್ಲಿ ದೂರ ಎಳೆದರೆ ಹೋಗ್ತಾ ಹೋಗ್ತಾ ವೋಲ್ಟ್ ಇಳಿಯುತ್ತೆ. ಹಗಲು ಹೇಗೋ ಸಾಗುತ್ತೆ. ಕತ್ತಲಾಗಿ ಕ್ಯಾಮೆರಾದ ಇನ್‌ಫ್ರಾರೆಡ್ ದೀಪಗಳು ಹೊತ್ತಿದ ಕೂಡಲೇ ಕರೆಂಟು ಸಾಲದೆ ಕ್ಯಾಮೆರಾ ರೀಸ್ಟಾರ್ಟ್ ಆಗುತ್ತೆ. ಅಡಾಪ್ಟರ್ ಕ್ಯಾಮೆರಾದ ಹತ್ತಿರ ಇರಲಿ, ಉದ್ದದ ವೈರಿನಲ್ಲಿ 230 ವೋಲ್ಟ್ ಹೋಗಲಿ. ಅದನ್ನು ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ. ರೂಟರ್‌ಗೂ ಕ್ಯಾಮೆರಾಗೂ 12 ವೋಲ್ಟ್ ಮಿನಿ ಯುಪಿಎಸ್ ಹಾಕಿದರೆ ಕರೆಂಟ್ ಹೋದ ಹೊತ್ತಿಗೆ ಕಣ್ಣು ಮುಚ್ಚಲ್ಲ. ಸೋಲಾರ್, ಬ್ಯಾಟರಿ ಕ್ಯಾಮೆರಾ ಇರುವವರು ಮೊದಲ ಕೆಲವು ಸೆಕೆಂಡ್ ಕಾಯಲೇಬೇಕು. ಅವು ನಿದ್ದೆಯಿಂದ ಎದ್ದು ಬರುತ್ತವೆ, ಅದು ರೋಗ ಅಲ್ಲ.

ಮೂರನೇ ಹಾದಿ, ಮತ್ತು ಮಾಡಬಾರದ ಕೆಲಸ

ಕೊನೆಯ ಹಾದಿ ನಿಮ್ಮ ಕಡೆಯದು. ಆಫೀಸ್ ವೈಫೈ ಇಂಥ ಆ್ಯಪ್‌ಗಳನ್ನು ತಡೆಯಬಹುದು, ಮೊಬೈಲ್ ಡೇಟಾದಲ್ಲಿ ಒಮ್ಮೆ ನೋಡಿ. ಆ್ಯಪ್ ಮತ್ತು ಕ್ಯಾಮೆರಾ ಎರಡರ ಸಾಫ್ಟ್‌ವೇರ್ ಅಪ್‌ಡೇಟ್ ಆಗಿರಲಿ. ಫೋನಿನ ಬ್ಯಾಟರಿ ಸೇವರ್ ಪಟ್ಟಿಯಿಂದ ಆ್ಯಪ್ ಅನ್ನು ಹೊರಗಿಡಿ, ಇಲ್ಲದಿದ್ದರೆ ಎಚ್ಚರಿಕೆ ಬರೋದೇ ತಡ.

"ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿಬಿಡಿ, ಫಾಸ್ಟ್ ಆಗುತ್ತೆ" ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ. ಅದು ಅಟ್ಟದ ಬಾಗಿಲು ಬೇಗ ತೆಗೆಯಲಿ ಅಂತ ಚಿಲಕವನ್ನೇ ಕಿತ್ತ ಹಾಗೆ. 2016ರಲ್ಲಿ ಮಿರಾಯ್ ಅನ್ನೋ ಮಾಲ್‌ವೇರ್ ಜಗತ್ತಿನಾದ್ಯಂತ ಲೆಕ್ಕವಿಲ್ಲದಷ್ಟು ಕ್ಯಾಮೆರಾ, ಡಿವಿಆರ್‌ಗಳೊಳಗೆ ನುಗ್ಗಿದ್ದು ಇಂಥ ತೆರೆದ ಬಾಗಿಲಿಂದ, ಕಂಪನಿ ಕೊಟ್ಟ ಪಾಸ್‌ವರ್ಡ್ ಯಾರೂ ಬದಲಾಯಿಸದೇ ಇದ್ದದ್ದರಿಂದ. ಆ ವರ್ಷದ ಅಕ್ಟೋಬರ್‌ನಲ್ಲಿ ಅಂಥ ಉಪಕರಣಗಳನ್ನೇ ಬಳಸಿ ಅಮೆರಿಕದಲ್ಲಿ ದೊಡ್ಡ ದೊಡ್ಡ ವೆಬ್‌ಸೈಟ್‌ಗಳನ್ನು ಕೆಲ ಗಂಟೆ ಮಲಗಿಸಿದ್ದರು. ಹಾಕಿಕೊಟ್ಟವರು ಇಟ್ಟುಹೋದ ಪಾಸ್‌ವರ್ಡ್ ಬದಲಾಯಿಸಿ. ಮನೆಯವರಿಗೆ ಆ್ಯಪ್‌ನ ಶೇರ್ ಆಯ್ಕೆಯಿಂದಲೇ ನೋಡಲು ಕೊಡಿ, ನಿಮ್ಮ ಪಾಸ್‌ವರ್ಡ್ ಹಂಚಬೇಡಿ.

ಲೈವ್ ಕಾವಲುಗಾರ ಅಲ್ಲ

ಇಷ್ಟೆಲ್ಲ ಮಾಡಿದ ಮೇಲೆ ದೊಡ್ಡಪ್ಪನ ಮನೆಯ ಲೈವ್ ಈಗ ಮೂರು ಸೆಕೆಂಡ್ ತಡ. ಖರ್ಚಾದದ್ದು ಕೇಬಲ್ಲಿಗೆ, ಮೆಮೊರಿ ಕಾರ್ಡಿಗೆ, ಒಂದು ಮಿನಿ ಯುಪಿಎಸ್‌ಗೆ. ಕ್ಯಾಮೆರಾ ಹಳೇವೇ. ಆದರೂ ಒಂದು ಮಾತು ಹೇಳಲೇಬೇಕು. ರಾತ್ರಿ ಎರಡು ಗಂಟೆಗೆ ಅಟ್ಟದ ಬಾಗಿಲಿಗೆ ಯಾರೋ ಕೈ ಹಾಕಿದರೆ ನೀವು ಲೈವ್ ನೋಡ್ತಾ ಕೂತಿರೋದಿಲ್ಲ. ಆಗ ಕೆಲಸಕ್ಕೆ ಬರೋದು ಸರಿಯಾಗಿ ಬರುವ ಒಂದು ಎಚ್ಚರಿಕೆ, ಕಾರ್ಡಿನೊಳಗೆ ಮುಖ ಕಾಣುವ ರೆಕಾರ್ಡಿಂಗ್, ಮತ್ತು ಐದು ನಿಮಿಷದಲ್ಲಿ ಬ್ಯಾಟರಿ ಹಿಡಿದು ಬರಬಲ್ಲ ಪಕ್ಕದ ತೋಟದವರ ಫೋನ್ ನಂಬರ್. ಅವರ ಹೆಸರಿನ ಕೆಳಗೆ 112 ಕೂಡ ಇರಲಿ. ಬೆಂಗಳೂರಿಂದ ನೀವು ಹೊರಟರೂ ತಲುಪೋದಕ್ಕೆ ಗಂಟೆಗಟ್ಟಲೆ ಬೇಕು.

ಇನ್ನೊಂದು, ಕೇಳಿಯೇ ಹಾಕಿ. ಕ್ಯಾಮೆರಾ ಸರಿಮಾಡಿದ ದಿನ ದೊಡ್ಡಮ್ಮ ಕೇಳಿದ್ದರು, "ಹಿತ್ಲಾಗೆ ಪಾತ್ರೆ ತೊಳೆಯೋದೂ ಕಾಣ್ತದೇನಪ್ಪ?" ಇಲ್ಲ ಅಂತ ಫೋನು ತೋರಿಸಿದ ಮೇಲೆಯೇ ಅವರಿಗೆ ಸಮಾಧಾನ. ಅವರ ಅಂಗಳ ಅವರದು. ಎಲ್ಲಿ ಕಾಣಬೇಕು, ಎಲ್ಲಿ ಕಾಣಬಾರದು, ಮಾತು ಕೇಳಿಸಬೇಕೋ ಬೇಡವೋ, ಅಲ್ಲಿರುವವರೇ ಹೇಳಲಿ. ಪಕ್ಕದ ಮನೆಯ ಬಾಗಿಲು ಚಿತ್ರದಲ್ಲಿ ಬೀಳ್ತಿದ್ದರೆ ಮೂತಿ ತಿರುಗಿಸಿ.

ಮುಂದಿನ ಸಲ ಊರಿಗೆ ಹೋದಾಗ ಮಾಡಬೇಕಾದ್ದನ್ನು ಈ ಕ್ರಮದಲ್ಲೇ ಮಾಡಿ: ಮೂಲೆಯ ಗಡಿಯಾರ ಆನ್ ಮಾಡೋದು, ಸ್ಟಾಪ್‌ವಾಚ್ ಪರೀಕ್ಷೆ, ಗರಿ ಕಾಣದ ಹಾಗೆ ಮೂತಿ ಬಗ್ಗಿಸೋದು, ಸಬ್ ಸ್ಟ್ರೀಮ್, ಪಾಸ್‌ವರ್ಡ್, ಸಂಜೆ ಹೊತ್ತಿನ ಅಪ್‌ಲೋಡ್ ಟೆಸ್ಟ್. ಇದರಲ್ಲಿ ಯಾವುದಕ್ಕೂ ದುಡ್ಡು ಬೇಡ. ಇಷ್ಟಾದ ಮೇಲೂ ಚಕ್ರ ಸುತ್ತುತ್ತಿದ್ದರೆ, ನಿಮ್ಮ ಮೂರೂ ಅಳತೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಿ. ಆ ಚೀಟಿ ಕೈಲಿರುವವರಿಗೆ ಬೇಡದ ಕ್ಯಾಮೆರಾ ಮಾರೋದು ಕಷ್ಟ.